ಅಟ್ಟಾನ ರೂಮ್ ಮಾಡ್ಬೇಕು, ನೆಲ ಕುಣಿಯುತ್ತೆ. ಮೇಲೆ ದಪ್ಪ ಪ್ಲೈವುಡ್ ಹೊಡೆದ್ರೆ ಸಾಕಾ?

ಅಟ್ಟದಾಸೆ:

ಎಲ್ರಿಗೂ ನಮಸ್ಕಾರ. ನಮ್ದು ಹಳೇ ಮನೆ, ಇಳಿಜಾರು ಹೆಂಚಿನ ಮಾಡು, ಒಳಗೆ ಮರದ ಅಟ್ಟ. ಇಷ್ಟು ವರ್ಷ ಅಲ್ಲಿ ಇದ್ದಿದ್ದು ಹಳೇ ಟ್ರಂಕು, ಕಾಲು ಮುರಿದ ಕುರ್ಚಿ, ಬಿಸಾಕೋಕೆ ಯಾರಿಗೂ ಮನಸ್ಸು ಬರದ ಸಾಮಾನು ಅಷ್ಟೇ. ಈಗ ಮಗಳಿಗೆ ಓದ್ಕೊಳ್ಳೋಕೆ ಮಲ್ಕೊಳ್ಳೋಕೆ ಒಂದು ರೂಮ್ ಬೇಕಾಗಿದೆ, ಅಟ್ಟದ ಮಧ್ಯ ನಿಂತ್ರೆ ತಲೆ ತಾಗಲ್ಲ, ಒಂದು ಕಿಟಕಿನೂ ಇದೆ, ಸಾಮಾನು ಖಾಲಿ ಮಾಡಿದ್ರೆ ಚೆನ್ನಾಗೇ ಆಗುತ್ತೆ ಅಂತ ನನ್ನ ಲೆಕ್ಕ.

ತೊಂದರೆ ನೆಲದ್ದು. ನಡೆದ್ರೆ ಕುಣಿಯುತ್ತೆ. ಮೊನ್ನೆ ಟ್ರಂಕು ಎಳೀತಿದ್ದಾಗ ಕೆಳಗಿಂದ ಹೆಂಡ್ತಿ ಕೂಗಿದ್ಲು, "ರೀ, ಲೈಟು ತೂಗಾಡ್ತಿದೆ, ಇಳೀರಿ ಕೆಳಗೆ" ಅಂತ. ಕೆಳಗಿನ ರೂಮಿಗೆ, ಅಟ್ಟದ ನೆಲ ಹೊತ್ತಿರೋ ಅಡ್ಡ ಮರ ಅಂದ್ರೆ ಜಂತೆಗೇ ಪಟ್ಟಿ ಹೊಡೆದು ಗಾರೆ ಮೆತ್ತಿರೋ ಸೀಲಿಂಗ್ ಇದೆ, ಅದರಲ್ಲಿ ಆಗ್ಲೇ ಕೂದಲೆಳೆ ಬಿರುಕು ಎರಡು ಮೂರು ಕಾಣುತ್ತೆ.

ನನ್ನ ಐಡಿಯಾ ಇಷ್ಟೇ: ಈಗಿರೋ ಹಲಗೆ ಮೇಲೆ ಒಳ್ಳೇ ದಪ್ಪದ ಪ್ಲೈವುಡ್ ಹಾಕಿ ಸ್ಕ್ರೂ ಹೊಡೆದುಬಿಡೋದು. ಸಾಕಾಗುತ್ತಾ? ಸಾಲ್ದು ಅಂದ್ರೆ ಇರೋ ಪ್ರತಿ ಜಂತೆ ಪಕ್ಕ ಅದೇ ಸೈಜಿಂದು ಇನ್ನೊಂದು ಜಂತೆ ಕೂರಿಸಿದ್ರೆ ಡಬಲ್ ಗಟ್ಟಿ ಆಗುತ್ತಲ್ವಾ? ಮಾಡಿರೋರು ಯಾರಾದ್ರೂ ಇದ್ರೆ ಹೇಳಿ.

ಬಿಂದಾಸ್_ಬಡಗಿ:

ಗುರು ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋತೀರಾ, ಪ್ಲೈವುಡ್ ಹೊಡೆದು ಮಂಚ ಹಾಕಿ ಮಲಗಿ. ನಮ್ಮ ಅಟ್ಟದಲ್ಲಿ ಹತ್ತು ವರ್ಷದಿಂದ ತಲೆ ಮಟ್ಟಕ್ಕೆ ಸಾಮಾನು ತುಂಬಿದೀವಿ, ಏನೂ ಆಗಿಲ್ಲ. ಹಳೇ ಕಾಲದ ಮರ, ಈಗಿನದ್ದಕ್ಕಿಂತ ಹತ್ತು ಪಟ್ಟು ಗಟ್ಟಿ.

ತೊಲೆಲೆಕ್ಕ:

ಬಿಂದಾಸ್ ಅವ್ರೇ, ಸಾಮಾನು ಸುಮ್ನೆ ಬಿದ್ದಿರುತ್ತೆ, ಅದೂ ಜಾಸ್ತಿ ಪಾಲು ಮಾಡು ಇಳಿಯೋ ಅಂಚಿನ ಕಡೆಗೇ. ಜನ ಹಾಗಲ್ಲ, ತಲೆ ತಾಗದ ನಟ್ಟ ನಡುವೆಯೇ ಓಡಾಡ್ತಾರೆ, ಕೂರ್ತಾರೆ, ಮಕ್ಕಳಾದ್ರೆ ನೆಗೀತಾರೆ. ಜಂತೆಗೆ ಅತಿ ಕಷ್ಟದ ಜಾಗ ಆ ನಡುಭಾಗಾನೇ. ಬಿಡುವಾದಾಗ ನಿಮ್ಮ ಅಟ್ಟದ ಒಂದು ಜಂತೆಗೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ನೋಡಿ, ನಡುವೆ ಎಷ್ಟು ತಗ್ಗಿದೆ ಅಂತ. ಏನೂ ಆಗಿಲ್ಲ ಅನ್ನೋದು ಆಮೇಲೆ ನೋಡೋಣ.

ಅಟ್ಟದಾಸೆ ಸರ್, ಪ್ಲೈವುಡ್ ವಿಷಯಕ್ಕೆ ಬರ್ತೀನಿ. ಪ್ಲೈವುಡ್ ಮಾಡೋ ಕೆಲಸ ಒಂದು ಜಂತೆಯಿಂದ ಪಕ್ಕದ ಜಂತೆವರೆಗೆ ಭಾರ ದಾಟಿಸೋದು ಅಷ್ಟೇ. ಅಲ್ಲಿಂದ ಗೋಡೆಗೆ ಭಾರ ಹೊತ್ತು ಮುಟ್ಟಿಸೋದು ಜಂತೆ. ಜಂತೆ ಸಣ್ಣದಿದ್ರೆ ಮೇಲೆ ಎಷ್ಟು ದಪ್ಪದ ಹಾಳೆ ಹಾಕಿದ್ರೂ ಆ ಹಾಳೆ ತೂಕಾನೂ ಪಾಪ ಅದೇ ಹೊರಬೇಕು.

ನಿಮ್ಮ ಅಟ್ಟದ ಜಂತೆಗಳನ್ನ ಹಾಕಿರೋದೇ ಕೆಳಗಿನ ಸೀಲಿಂಗ್ ಹಿಡ್ಕೊಳ್ಳೋಕೆ ಮತ್ತೆ ಒಂದಿಷ್ಟು ಹಗುರ ಸಾಮಾನಿಗೆ ಅನ್ಸುತ್ತೆ. ಸಾಮಾನಿನ ಅಟ್ಟಕ್ಕೆ ಚದರ ಮೀಟರಿಗೆ 25 ಕೆಜಿ ಅಂತ ಲೆಕ್ಕ ಹಿಡಿಯೋದೂ ಉಂಟು, ಜನ ಇರೋ ರೂಮಿಗೆ 150ರಿಂದ 200 ಕೆಜಿ ಹಿಡೀತೀವಿ. ಆರರಿಂದ ಎಂಟು ಪಟ್ಟು. ಲೈಟು ತೂಗಾಡಿದ್ದು ಅದಕ್ಕೇ.

ನಾಲ್ಕು ಅಳತೆ ಕೊಡಿ, ಉಳಿದದ್ದು ಆಮೇಲೆ ಮಾತಾಡೋಣ. ಜಂತೆ ಅಗಲ ಎಷ್ಟು, ಎತ್ತರ ಎಷ್ಟು (ಹಲಗೆ ಒಂದು ಕಿತ್ತು ನೋಡಿ, ಅಂದಾಜು ಬೇಡ), ಒಂದರ ನಡುವಿಂದ ಇನ್ನೊಂದರ ನಡುವಿಗೆ ಎಷ್ಟು, ಗೋಡೆಯಿಂದ ಗೋಡೆಗೆ ಎಷ್ಟು. ಜೊತೆಗೆ ಒಂದು ಸ್ಕ್ರೂಡ್ರೈವರ್ ತಗೊಂಡು ಪ್ರತಿ ಜಂತೆಯ ಎರಡೂ ತುದೀನ ಗೋಡೆ ಒಳಗೆ ಹೋಗೋ ಜಾಗದಲ್ಲಿ ಚುಚ್ಚಿ ನೋಡಿ. ಮರ ಕೊಳೆಯೋದು, ಗೆದ್ದಲು ಶುರುವಾಗೋದು ಸಾಮಾನ್ಯವಾಗಿ ಅಲ್ಲಿಂದಲೇ.

ಉಳಿಸುತ್ತಿಗೆ:

ಮೇಲಿನವ್ರು ಹೇಳಿದ್ದು ಸರಿ. ನಾನು ಇಂಜಿನಿಯರ್ ಅಲ್ಲ, ಭಾನುವಾರದ ಬಡಗಿ, ಆದ್ರೆ ಒಂದು ಅಟ್ಟ ಕೈಯಾರೆ ಮಾಡಿ ಮುಗಿಸಿದೀನಿ, ಅದರಲ್ಲಿ ಮಾಡಿದ ತಪ್ಪು ಹೇಳ್ತೀನಿ, ನೀವು ಮಾಡ್ಬೇಡಿ.

ಹಳೇ ಜಂತೆ ಪಕ್ಕಕ್ಕೆ ಹೊಸದು ಸೇರಿಸೋವಾಗ ಮೊಳೆ ಹೊಡೆದೆ. ದೊಡ್ಡ ಮೊಳೆ, ದೊಡ್ಡ ಸುತ್ತಿಗೆ, ಭಾರೀ ಹುಮ್ಮಸ್ಸು. ಮೂರನೇ ಜಂತೆಗೆ ಬರೋ ಹೊತ್ತಿಗೆ ಕೆಳಗೆ ಧಡ್ ಅಂತ ಸದ್ದಾಯ್ತು, ಇಳಿದು ನೋಡಿದ್ರೆ ಸೀಲಿಂಗಿನ ಗಾರೆ ಬಾಗಿಲಷ್ಟು ಅಗಲ ಕಿತ್ತು ಹಾಸಿಗೆ ಮೇಲೆ ಬಿದ್ದಿತ್ತು. ಪುಣ್ಯಕ್ಕೆ ಯಾರೂ ಮಲಗಿರ್ಲಿಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರಲ್ಲ, ಅದು. ಹಳೇ ಗಾರೆ ಸೀಲಿಂಗ್ ಇರೋ ಕಡೆ ಸುತ್ತಿಗೇನ ಮೇಲಕ್ಕೆ ತಗೊಂಡೇ ಹೋಗ್ಬೇಡಿ. ಡ್ರಿಲ್ ಹಾಕಿ ತೂತು ಮಾಡಿ, ಬೋಲ್ಟು ಇಲ್ಲಾ ಸ್ಕ್ರೂ.

ಸ್ಕ್ರೂ ಅಂದಾಗ ಇನ್ನೊಂದು ಮಾತು. ಜಿಪ್ಸಂ ಬೋರ್ಡಿಗೆ ಹೊಡೀತಾರಲ್ಲ ಕಪ್ಪು ಸ್ಕ್ರೂ, ಅದನ್ನ ಜಂತೆ ಕೆಲಸಕ್ಕೆ ಮುಟ್ಟಬೇಡಿ. ಅದು ಬಾಗಲ್ಲ, ಅಡ್ಡ ಭಾರ ಬಿದ್ರೆ ಟಪ್ ಅಂತ ತಲೆ ಹಾರುತ್ತೆ. ನಾನು 12 ಎಂಎಂ ಬೋಲ್ಟು ಹಾಕಿದೆ, ಎರಡೂ ಕಡೆ ಅಗಲ ವಾಷರು, ಒಂದು ಮೇಲೆ ಒಂದು ಕೆಳಗೆ ಅಂತ ಅಂಕುಡೊಂಕಾಗಿ, ಒಂದೂವರೆ ಅಡಿಗೊಂದು. ಒಂದೇ ಗೆರೇಲಿ ಹಾಕಿದ್ರೆ ಮರ ಆ ಗೆರೆಗುಂಟ ಸೀಳೋ ಚಾನ್ಸ್ ಇರುತ್ತೆ.

ಅಟ್ಟದಾಸೆ:

ಥ್ಯಾಂಕ್ಸ್ ಸರ್ ಎಲ್ರಿಗೂ. ಇವತ್ತು ಮಧ್ಯಾಹ್ನ ಪೂರ್ತಿ ಅಟ್ಟದಲ್ಲೇ ಇದ್ದೆ, ಮೂಗು ಬಾಯೆಲ್ಲಾ ಧೂಳು.

ಜಂತೆ 2 ಇಂಚು ಅಗಲ, 4 ಇಂಚು ಎತ್ತರ. ಎರಡು ಅಡಿಗೊಂದು ಇದೆ, ಒಟ್ಟು ಏಳು. ಗೋಡೆಯಿಂದ ಗೋಡೆಗೆ 11 ಅಡಿ, ರೂಮಿನ ಉದ್ದ 12 ಅಡಿ. ದಾರ ಕಟ್ಟಿ ನೋಡಿದೆ, ನಡುವಿನ ಜಂತೆ ಆಗ್ಲೇ ಮುಕ್ಕಾಲು ಇಂಚು ತಗ್ಗಿದೆ, ಅದೂ ಸಾಮಾನೆಲ್ಲಾ ಬದಿಗೆ ಸರಿಸಿದ ಮೇಲೆ.

ಸ್ಕ್ರೂಡ್ರೈವರ್ ಚುಚ್ಚಿದ್ದೇ ಒಳ್ಳೇದಾಯ್ತು. ಐದು ಜಂತೆ ಕಲ್ಲಿನ ಹಾಗಿದೆ, ತುದಿ ಜಾರುತ್ತೆ ಹೊರತು ಇಳಿಯಲ್ಲ. ಆರನೇದು ಪರವಾಗಿಲ್ಲ ಅನ್ನೋ ಹಾಗಿದೆ. ಏಳನೇದಕ್ಕೆ ಗೋಡೆ ಹತ್ರ ಚುಚ್ಚಿದ್ರೆ ಬೆಣ್ಣೆಗೆ ಚುಚ್ಚಿದ ಹಾಗೆ ಹಿಡಿಕೆವರೆಗೂ ಹೋಯ್ತು, ಈಚೆ ತೆಗೆದಾಗ ಒದ್ದೆ ಪುಡಿ ಬಂತು. ಮೇಲೆ ನೋಡಿದ್ರೆ ಸರಿಯಾಗಿ ಅದರ ನೆತ್ತಿ ಮೇಲೇ ಒಂದು ಹೆಂಚು ಬಿರುಕು ಬಿಟ್ಟಿದೆ. ಎಷ್ಟು ವರ್ಷದಿಂದ ಸೋರ್ತಿತ್ತೋ ದೇವರೇ ಬಲ್ಲ.

ತೊಲೆಲೆಕ್ಕ:

ಒಳ್ಳೇ ಅಳತೆ ಕೊಟ್ರಿ. ಲೆಕ್ಕ ಹಾಕಿದೆ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

11 ಅಡಿ ಜಂತೆ ಜನ ಓಡಾಡುವಾಗ ಎಷ್ಟು ತಗ್ಗಬಹುದು ಅಂತ ಒಂದು ಮಿತಿ ಇಟ್ಕೋತೀವಿ, ಉದ್ದದ 360ನೇ ಒಂದು ಭಾಗ. ನಿಮ್ಮ ಲೆಕ್ಕಕ್ಕೆ ಅದು ಸುಮಾರು 9 ಎಂಎಂ. ಈಗಿರೋ 2ಕ್ಕೆ 4ರ ಜಂತೆ ಎರಡು ಅಡಿಗೊಂದರಂತೆ ಇದ್ದಾಗ, ಸಾಧಾರಣ ಮರ ಅಂದ್ಕೊಂಡು, ಚದರ ಮೀಟರಿಗೆ 200 ಕೆಜಿ ಹೇರಿದ್ರೆ ತಗ್ಗೋದು 47 ಎಂಎಂ, ಹತ್ರ ಹತ್ರ ಎರಡು ಇಂಚು. ಹಳೇ ಮರ ಗಟ್ಟಿ ಜಾತೀದೇ ಇರಬಹುದು, ಆಗ ಇದು ಮೂವತ್ತು ಚಿಲ್ಲರೆಗೆ ಇಳೀಬಹುದು, ಒಂಬತ್ತಕ್ಕಂತೂ ಬರಲ್ಲ.

ಪಕ್ಕಕ್ಕೆ ಅದೇ ಸೈಜಿಂದು ಇನ್ನೊಂದು ಹಾಕಿದ್ರೆ ಅಂತ ಕೇಳಿದ್ರಿ. ಡಬಲ್ ಗಟ್ಟಿ ಆಗೋದು ನಿಜ, 47 ಹೋಗಿ 23 ಆಗುತ್ತೆ. ಇನ್ನೂ ಮಿತಿಯ ಎರಡೂವರೆ ಪಟ್ಟು. ಮರ, ಬೋಲ್ಟು, ಮೈಕೈ ನೋವು ಎಲ್ಲಾ ಖರ್ಚು ಮಾಡಿ ಮತ್ತೆ ಕುಣಿಯೋ ನೆಲಾನೇ.

ಇಲ್ಲಿ ಗುಟ್ಟು ಇರೋದು ಎತ್ತರದಲ್ಲಿ. ಅಗಲ ಎರಡು ಪಟ್ಟು ಮಾಡಿದ್ರೆ ಬಿಗಿತ ಎರಡು ಪಟ್ಟು, ಎತ್ತರ ಎರಡು ಪಟ್ಟು ಮಾಡಿದ್ರೆ ಎಂಟು ಪಟ್ಟು. ನಂಬಿಕೆ ಬರ್ದಿದ್ರೆ ಒಂದು ಮರದ ಸ್ಕೇಲ್ ತಗೊಂಡು ಮಲಗಿಸಿ ಬಾಗಿಸಿ, ಆಮೇಲೆ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಬಾಗಿಸೋಕೆ ನೋಡಿ. ಅದಕ್ಕೇ 2ಕ್ಕೆ 8ರ ಜಂತೆ ಒಂದೇ ಹಾಕಿದ್ರೂ 47 ಇದ್ದದ್ದು 6 ಎಂಎಂಗೆ ಇಳಿಯುತ್ತೆ. 2ಕ್ಕೆ 6 ಸಾಕಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು, ಅದು 14 ಎಂಎಂ, ಎರಡು ಅಡಿಗೊಂದು ಹಾಕಿದ್ರೆ ಸಾಲಲ್ಲ, 16 ಇಂಚಿಗೊಂದು ಹಾಕಿದ್ರೆ ಅಂತೂ ಇಂತೂ ಗೆರೆ ಮುಟ್ಟುತ್ತೆ. ನಾನಾದ್ರೆ 8ಕ್ಕೇ ಹೋಗ್ತಿದ್ದೆ.

ಇನ್ನು ಉಳಿಸುತ್ತಿಗೆ ಅವ್ರ ಹಾಗೆ ಹಳೇದಕ್ಕೆ ಬೋಲ್ಟು ಹಾಕಿ ಸೇರಿಸೋದು ಒಂದು ದಾರಿ, ತಪ್ಪೇನಿಲ್ಲ. ಆದ್ರೆ ನಿಮ್ಮ ಕೇಸಲ್ಲಿ ನಾನು ಸೇರಿಸಲ್ಲ. ಹಳೇ ಜಂತೆ ಸೀಲಿಂಗಿನ ಸ್ವತ್ತು, ಅದರ ಪಾಡಿಗೆ ಸೀಲಿಂಗ್ ಹೊತ್ಕೊಂಡಿರ್ಲಿ. ಅದರ ಪಕ್ಕ ಮೂರು ನಾಲ್ಕು ಇಂಚು ಬಿಟ್ಟು ಹೊಸ 2ಕ್ಕೆ 8, ಗೋಡೆಯಿಂದ ಗೋಡೆಗೆ, ಎರಡೂ ಕಡೆ ಗೋಡೆ ಮೇಲೆ ಕನಿಷ್ಠ 4 ಇಂಚು ಕೂರೋ ಹಾಗೆ. ತುದಿ ಕೆಳಗೆ ಅರ್ಧ ಇಂಚಿನ ಗಟ್ಟಿ ಮರದ ಚಕ್ಕೆ ಕೊಟ್ಟು ಎತ್ತಿ ಕೂರಿಸಿ. ಆಗ ನಡುವೆ 6 ಎಂಎಂ ತಗ್ಗಿದ್ರೂ ಅದು ಸೀಲಿಂಗಿನ ಬೆನ್ನಿಗೆ ತಾಗಲ್ಲ. ಮೇಲೆ ಮಗಳು ನೆಗೆದ್ರೂ ಕೆಳಗಿನ ಗಾರೆಗೆ ಸುದ್ದಿ ಮುಟ್ಟಲ್ಲ. ಮುಕ್ಕಾಲು ಇಂಚು ತಗ್ಗಿರೋ ಹಳೇ ಜಂತೇನ ಜಾಕ್ ಕೊಟ್ಟು ಎತ್ತೋ ಉಸಾಬರಿನೂ ಇಲ್ಲ. ವರ್ಷಾನುಗಟ್ಟಲೆ ಭಾರಕ್ಕೆ ಬಾಗಿದ ಮರ ಪೂರ್ತಿ ನೆಟ್ಟಗಾಗಲ್ಲ, ಎತ್ತೋಕೆ ಹೋದ್ರೆ ಸೀಲಿಂಗ್ ಬಿರುಕು ಬಿಡೋದು ಗ್ಯಾರಂಟಿ.

ನೆಲ ಮಾತ್ರ ನಾಲ್ಕೂವರೆ ಇಂಚು ಮೇಲೆ ಬರುತ್ತೆ. ತಲೆ ಮೇಲೆ ಎಷ್ಟು ಜಾಗ ಇದೆ ನೋಡ್ಕೊಳ್ಳಿ.

ಉಳಿಸುತ್ತಿಗೆ:

ಸರ್ ಒಂದು ಸಣ್ಣ ತಕರಾರು. ಹೊಸ ಜಂತೆ ಬಿಡಿಬಿಡಿಯಾಗಿ ನಿಂತ್ರೆ 8 ಇಂಚು ಎತ್ತರ 2 ಇಂಚು ಅಗಲದ್ದು ಪಕ್ಕಕ್ಕೆ ವಾಲಲ್ವಾ? ನಾನು ಹಳೇದಕ್ಕೆ ಬೋಲ್ಟು ಹಾಕಿದ್ದೇ ಆ ಭಯಕ್ಕೆ.

ತೊಲೆಲೆಕ್ಕ:

ಸರಿಯಾದ ಪ್ರಶ್ನೆ. ವಾಲುತ್ತೆ, ತಿರುಚ್ಕೊಳ್ಳುತ್ತೆ ಕೂಡ. ಅದಕ್ಕೇ ಎರಡೂ ತುದೀಲಿ ಮತ್ತೆ ನಡುವೆ ಒಂದು ಸಾಲು ಜಂತೆಯಿಂದ ಜಂತೆಗೆ ಅಡ್ಡ ತುಂಡು ಕೂರಿಸಬೇಕು, ಜಂತೆಯಷ್ಟೇ ಎತ್ತರದ್ದು ಇಲ್ಲಾ ಸ್ವಲ್ಪ ಕಮ್ಮಿ, ಬಿಗಿಯಾಗಿ. ಹಳೇ ಜಂತೆಗೆ ತಾಗೋ ಕಡೆ ತುಂಡಿನ ಕೆಳಗೆ ಕಚ್ಚು ಕೊಯ್ದು ಜಾಗ ಬಿಡಿ. ಈ ಸಾಲು ಇನ್ನೊಂದು ಉಪಕಾರ ಮಾಡುತ್ತೆ, ಒಂದು ಜಂತೆ ಮೇಲೆ ಕಾಲಿಟ್ರೆ ಅಕ್ಕಪಕ್ಕದವೂ ಕೈ ಕೊಡುತ್ತವೆ, ಕುಣಿತ ಕಮ್ಮಿ ಆಗುತ್ತೆ.

ಸೂರಿನಡಿ:

ಲೇಟಾಗಿ ಬಂದೆ. ನೆಲದ ಬಗ್ಗೆ ಎಲ್ಲಾ ಹೇಳಿದೀರಾ, ಗೋಡೆ ಬಗ್ಗೆ ಯಾರೂ ಕೇಳ್ಲೇ ಇಲ್ವಲ್ಲ. 11ಕ್ಕೆ 12 ಅಡಿ ಅಂದ್ರೆ 12 ಚದರ ಮೀಟರು, ಚದರ ಮೀಟರಿಗೆ 200 ಕೆಜಿ ಅಂದ್ರೆ ಎರಡೂವರೆ ಟನ್ ಲೆಕ್ಕ. ಅದು ಎರಡು ಗೋಡೆಗೆ ಹಂಚಿ ಹೋಗುತ್ತೆ. ಆ ಎರಡೂ ಗೋಡೆ ನೆಲದಿಂದ ಎದ್ದು ಬಂದಿರೋ ಭಾರ ಹೊರೋ ಗೋಡೆನಾ? ಅಥವಾ ಒಂದು ಬರೀ ರೂಮ್ ಬೇರೆ ಮಾಡೋಕೆ ಎಬ್ಬಿಸಿರೋ ತೆಳು ಗೋಡೆನಾ?

ನಾವು ಹಿಂದೆ ಇದ್ದ ಮನೇಲಿ ಇದೇ ಆಗಿತ್ತು. ಅಟ್ಟದ ಜಂತೆ ಒಂದು ತುದಿ ನಾಲ್ಕೂವರೆ ಇಂಚಿನ ಗೋಡೆ ಮೇಲಿತ್ತು, ಕೆಳಗೆ ಅದಕ್ಕೆ ಅಡಿಪಾಯಾನೇ ಇರ್ಲಿಲ್ಲ, ನೆಲದ ಮೇಲೇ ಕಟ್ಟಿದ್ರು. ಮೇಲೆ ರೂಮ್ ಮಾಡಿದ ಮೊದಲ ಮಳೆಗಾಲದಲ್ಲಿ ಆ ಗೋಡೆಯ ಬಾಗಿಲು ಹಾಕೋಕೆ ಬರ್ದಂಗಾಯ್ತು. ಮಳೆಗೆ ಮರ ಊದಿಕೊಂಡಿದೆ ಅಂತ ಬಾಗಿಲು ಹೆರೆಸಿದ್ವಿ. ಎರಡು ತಿಂಗಳಿಗೆ ಮತ್ತೆ ಸಿಕ್ಕಾಕ್ಕೊಂಡ್ತು, ಮತ್ತೆ ಹೆರೆಸಿದ್ವಿ. ಮೂರನೇ ಸಲ ಬಂದ ಆಚಾರ್ರು ಚೌಕಟ್ಟಿಗೆ ಮಟ್ಟ ಹಿಡಿದು ನೋಡಿ, ಅಮ್ಮಾ ಬಾಗಿಲು ಊದಿಲ್ಲ, ಗೋಡೆ ಕುಸೀತಿದೆ ಅಂದ್ರು. ಕೊನೆಗೆ ಕಬ್ಬಿಣದ ತೊಲೆ ಹಾಕಿಸಿ ಎರಡು ದಪ್ಪ ಗೋಡೆ ಮೇಲೆ ಕೂರಿಸಬೇಕಾಯ್ತು.

ಇನ್ನೊಂದು, ಮೆಟ್ಟಿಲಿಗೆ ಅಂತ ಹಳೇ ಜಂತೆ ಕತ್ತರಿಸೋ ಪ್ಲಾನ್ ಇದ್ರೆ ಹುಷಾರು. ಮಾಡಿನ ಭಾರ ಎರಡು ಕಡೆ ಗೋಡೆಗಳನ್ನ ಹೊರಕ್ಕೆ ತಳ್ಳುತ್ತೆ, ಎಷ್ಟೋ ಮನೇಲಿ ಆ ತಳ್ಳೋದನ್ನ ಹಿಡಿದಿಟ್ಟಿರೋದೇ ಅಟ್ಟದ ಜಂತೆ. ಅಡ್ಡ ಇದೆ ಅಂತ ಕೊಯ್ದುಬಿಟ್ರೆ ಮಾಡು ಕಾಲು ಅಗಲಿಸುತ್ತೆ.

ತೊಲೆಲೆಕ್ಕ:

ಸೂರಿನಡಿ ಮೇಡಂ ಹೇಳಿದ್ದು ನಾನೇ ಮೊದಲು ಕೇಳ್ಬೇಕಿತ್ತು. ಅಟ್ಟದಾಸೆ ಸರ್, ಜಂತೆಗಳು ಮಾಡಿನ ಪಕಾಸಿನ (ಹೆಂಚು ಹೊರೋ ಇಳಿಜಾರು ಮರ) ಬುಡಕ್ಕೆ ಮೊಳೆ ಹೊಡೆದು ಸೇರಿವೆಯಾ ನೋಡಿ, ಸೇರಿದ್ರೆ ಒಂದನ್ನೂ ಪೂರ್ತಿ ಕೊಯ್ಯಬೇಡಿ. ಕೊಳೆತ ಏಳನೇದೂ ಸೇರಿ. ಮೊದಲು ಹೆಂಚು ಬದಲಾಯಿಸಿ, ಆ ತುದಿ ಒಣಗಲಿ, ಕೊಳೆತದ್ದನ್ನ ಗಟ್ಟಿ ಮರ ಸಿಗೋವರೆಗೂ ಕೆತ್ತಿ ತೆಗೆದು, ಪಕ್ಕಕ್ಕೆ ಮೂರು ನಾಲ್ಕು ಅಡಿಯ ಹೊಸ ತುಂಡು ಬೋಲ್ಟು ಹಾಕಿ ಗೋಡೆವರೆಗೆ ಮುಟ್ಟಿಸಿ. ಇಲ್ಲಿ ಉಳಿಸುತ್ತಿಗೆ ಅವ್ರ ಬೋಲ್ಟು ವಿದ್ಯೆ ಬೇಕು. ಗೋಡೆ ಒಳಗೆ ಹೋಗೋ ತುದಿಗಳಿಗೆ ಗೆದ್ದಲು ಔಷಧಿ ಹಚ್ಚಿ, ಸುತ್ತ ಗಾರೆ ಜಡಿದು ಮುಚ್ಚಬೇಡಿ, ಬೆರಳು ತೂರೋಷ್ಟು ಗಾಳಿ ಆಡೋಕೆ ಬಿಡಿ. ಮೆಟ್ಟಿಲು ಆದಷ್ಟೂ ಎರಡು ಜಂತೆ ನಡುವೆ ಅವು ಹೋಗೋ ದಿಕ್ಕಿಗೇ ಬರೋ ಹಾಗೆ ನೋಡಿ.

ಗೋಡೆ ವಿಷಯ ಫೋಟೋ ನೋಡಿ ಹೇಳೋದಲ್ಲ. ಕೆಲಸ ಶುರು ಮಾಡೋ ಮೊದಲು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ತೋರಿಸಿ, ನನ್ನ ಲೆಕ್ಕಾನೂ ಅವ್ರ ಮುಂದೆ ಇಡಿ.

ಅಟ್ಟದಾಸೆ:

ಕರೆಸಿದೆ ಸರ್. ಎರಡೂ ಗೋಡೆ ಅಡಿಪಾಯದಿಂದ ಬಂದಿರೋ ದಪ್ಪ ಗೋಡೆನೇ, ಭಯ ಇಲ್ಲ ಅಂದ್ರು. 2ಕ್ಕೆ 8 ಒಪ್ಪಿದ್ರು, ಬೇರೆ ಬೇರೆ ನಿಲ್ಲಿಸೋದಕ್ಕೂ ಸೈ ಅಂದ್ರು. ಜಂತೆ ತುದಿ ಕೆಳಗೆ ಗೋಡೆ ಉದ್ದಕ್ಕೂ ಒಂದು ಮರದ ಪಟ್ಟಿ ಹಾಸಿ, ಭಾರ ಒಂದೊಂದೇ ಕಡೆ ಬೀಳೋ ಬದ್ಲು ಹರಡ್ಲಿ ಅಂತ ಸೇರಿಸಿದ್ರು. ಪಕಾಸಿನ ಬುಡಕ್ಕೆ ಜಂತೆ ಸೇರಿರೋದು ಹೌದು, ಹಾಗಾಗಿ ಒಂದನ್ನೂ ಕೊಯ್ಯಲ್ಲ. ತಲೆ ಮೇಲೆ ಏಳೂವರೆ ಅಡಿ ಇತ್ತು, ಏಳು ಅಡಿ ಚಿಲ್ಲರೆ ಉಳಿಯುತ್ತೆ, ಸಾಕು.

ಒಂದು ಪೇಚು. ಮಾಡು ಇಳಿಯೋ ಕಡೆ ಗೋಡೆ ಹತ್ರ 8 ಇಂಚಿನ ಜಂತೆ ನಿಲ್ತಾನೇ ಇಲ್ಲ, ಮೇಲಿನ ಮೂಲೆ ಹೆಂಚಿನ ರೀಪಿಗೆ ಹೊಡೆಯುತ್ತೆ. ಮತ್ತೆ ಪ್ಲೈವುಡ್ ಎಷ್ಟು ದಪ್ಪ?

ಉಳಿಸುತ್ತಿಗೆ:

ಅದು ಎಲ್ಲರಿಗೂ ಆಗೋದೇ. ಮೇಲಿನ ಮೂಲೇನ ಮಾಡಿನ ಇಳಿಜಾರಿಗೆ ಸರಿಯಾಗಿ ಓರೆ ಕೊಯ್ಯಿರಿ. ರಟ್ಟಿನ ಮೇಲೆ ಇಳಿಜಾರು ಗೀರಿ ಕತ್ತರಿಸ್ಕೊಂಡು ಏಳಕ್ಕೂ ಅದೇ ಅಚ್ಚು ಇಟ್ರೆ ಕೆಲಸ ಬೇಗ. ಕೆಳಗಿನ ಮೂಲೆ ಮಾತ್ರ ಕೊಯ್ಯಬೇಡಿ, ಅಲ್ಲಿ ಕಚ್ಚು ಬಿದ್ರೆ ಜಂತೆ ಅದೇ ಮೂಲೆಯಿಂದ ಸೀಳೋಕೆ ಶುರು. ಗೋಡೆ ಮೇಲೆ ಕೂರೋ ಜಾಗದಲ್ಲಿ ಎಷ್ಟು ಎತ್ತರ ಉಳೀಬೇಕು ಅಂತ ಇಂಜಿನಿಯರ್ ಹತ್ರ ಕೇಳಿಕೊಂಡೇ ಗರಗಸ ಹಿಡೀರಿ.

ಎರಡು ಅಡಿ ಅಂತರಕ್ಕೆ 22 ಎಂಎಂ ಇರ್ಲಿ, 18 ಹಾಕಿದ್ರೆ ಕುರ್ಚಿ ಕಾಲ ಕೆಳಗೆ ಮೆತ್ತಗೆ ಅನ್ಸುತ್ತೆ. ಹಾಳೆ ಉದ್ದ ಜಂತೆಗೆ ಅಡ್ಡ ಬರಲಿ, ಜೋಡು ಇಟ್ಟಿಗೆ ಸಾಲಿನ ಹಾಗೆ ತಪ್ಪಿಸಿ ತಪ್ಪಿಸಿ ಬರಲಿ, ಹಾಳೆ ಹಾಳೆ ನಡುವೆ 2–3 ಎಂಎಂ ಬಿಡಿ. ಜಂತೆ ನೆತ್ತಿಗೆ ಅಂಟು ಎಳೆದು ಆಮೇಲೆ ಸ್ಕ್ರೂ. ಮುಚ್ಚೋ ಮುಂಚೆ ವೈರಿಂಗ್ ಮುಗಿಸಿ, ಪೈಪಿಗೆ ತೂತು ಬೇಕಿದ್ರೆ ಜಂತೆ ಎತ್ತರದ ನಟ್ಟ ನಡುವೆ ಸಣ್ಣದಾಗಿ ಕೊರೀರಿ, ಮೇಲಂಚು ಕೆಳಂಚು ಕಚ್ಚಬೇಡಿ. ಜಂತೆ ನಡುವೆ ರಾಕ್ ವೂಲ್ (ಕಲ್ಲಿನ ನಾರಿನ ಹಾಸು) ತುಂಬಿದ್ರೆ ಹೆಜ್ಜೆ ಸದ್ದು ಕೆಳಕ್ಕೆ ಅಷ್ಟು ಇಳಿಯಲ್ಲ.

ಸೂರಿನಡಿ:

ಮಗಳು ಓದೋ ರೂಮ್ ಅಂದ್ರೆ ಪುಸ್ತಕದ ಕಪಾಟು ಬಂದೇ ಬರುತ್ತೆ. ತುಂಬಿದ ಕಪಾಟು ನೂರು ಕೆಜಿ ಸಲೀಸಾಗಿ ದಾಟುತ್ತೆ, ಜಂತೆ ಹೋಗೋ ದಿಕ್ಕಿಗೇ ಇಟ್ರೆ ಅಷ್ಟೂ ಒಂದೇ ಜಂತೆ ತಲೆಗೆ. ಜಂತೆಗಳಿಗೆ ಅಡ್ಡವಾಗಿ, ತುದಿ ಗೋಡೆ ಕಡೆಗೆ ಇಡ್ಸಿ. ಅಲ್ಲೇ ಒಂದು ನೀರಿನ ಟ್ಯಾಂಕೂ ಇರ್ಲಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ, 500 ಲೀಟರ್ ಅಂದ್ರೆ ಅರ್ಧ ಟನ್. ಹೊಗೆ ಬಂದ್ರೆ ಕೂಗೋ ಅಲಾರಂ ಮೇಲೊಂದು ಕೆಳಗೊಂದು ಹಾಕಿ, ಅಟ್ಟದಿಂದ ಇಳಿಯೋ ದಾರಿ ಒಂದೇ ಇರುತ್ತಲ್ಲ.

ಅಟ್ಟದಾಸೆ:

ಮುಗೀತು. ಆರು ವಾರ ಹಿಡೀತು, ಅದರಲ್ಲಿ ಎರಡು ವಾರ ಬರೀ ಆ ಏಳನೇ ಜಂತೆ ಮತ್ತೆ ಹೆಂಚಿಗೆ. ಜಂತೆ ಒಳಗೆ ತರೋಕೆ ಆರು ಸಾಲು ಹೆಂಚು ತೆಗೆದು ಹೊರಗಿಂದ ತೂರಿಸಿದ್ವಿ, ಕಿಟಕೀಲಿ ತಿರುಗಲೇ ಇಲ್ಲ. ನಿನ್ನೆ ನೆಲದ ನಡುವೆ ಲೋಟದ ತುಂಬ ನೀರಿಟ್ಟು ಮಗಳಿಗೆ ನೆಗಿ ಅಂದೆ. ನೀರು ನಡುಗಿತು, ಚೆಲ್ಲಲಿಲ್ಲ. ಕೆಳಗೆ ಹೆಂಡ್ತಿ ಲೈಟು ನೋಡ್ತಾ ನಿಂತಿದ್ಲು, ಏನೂ ಕೂಗಲಿಲ್ಲ, ಸ್ವಲ್ಪ ಹೊತ್ತಾದ ಮೇಲೆ "ನೆಗೆದಾಯ್ತಾ ಇಲ್ವಾ?" ಅಂತ ಕೇಳಿದ್ಲು.

ಬಾಗಿಲ ಹತ್ರ ಒಂದು ಕಡೆ ಮಾತ್ರ ಕಾಲಿಟ್ರೆ ಕಿರ್ ಅನ್ನುತ್ತೆ. ಅದೇನು?

ಉಳಿಸುತ್ತಿಗೆ:

ಅಲ್ಲಿ ಸ್ಕ್ರೂ ಜಂತೆಗೆ ಸಿಕ್ಕಿಲ್ಲ, ಪಕ್ಕಕ್ಕೆ ಜಾರಿ ಹೋಗಿದೆ. ಅದನ್ನ ಬಿಚ್ಚಿ, ಒಂದಿಂಚು ಈಚೆಗೆ ಹೊಸದು ಹಾಕಿ, ಹಾಕುವಾಗ ಹಾಳೆ ಮೇಲೆ ನಿಂತ್ಕೊಂಡು ತಿರುಗಿಸಿ.